ಒತ್ತಿದ ಪಿನ್ನಿಗೆ ಒಂದು ಹನಿ ಸೀಸ

ಸರ್ವಮಂಗಳಾ ದಿನವೊಂದಕ್ಕೆ ಆಡುತ್ತಿದ್ದ ಮಾತಿನಲ್ಲಿ ಮುಕ್ಕಾಲು ಪಾಲು ಮಧ್ಯಾಹ್ನ ಒಂದರಿಂದ ಒಂದೂವರೆಯೊಳಗೆ ಮುಗಿದುಹೋಗುತ್ತಿತ್ತು. ಬೆಳಿಗ್ಗೆ ನರಸೀಪುರದಲ್ಲಿ ಬಸ್ಸು ಹತ್ತಿ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಕೊಡುತ್ತಿದ್ದ. ದಿನಾ ಕಾಣುವ ಮುಖವಾದ್ದರಿಂದ ಎಲ್ಲಿಗೆ ಎಂದೂ ಕೇಳುತ್ತಿರಲಿಲ್ಲ. ಸುತ್ತೂರು ದಾಟಿ ನಂಜನಗೂಡು ಮುಟ್ಟುವವರೆಗೂ ಅವಳು ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಸಂಜೆ ಅದೇ ದಾರಿ, ಅದೇ ಕಿಟಕಿ. ಭಾನುವಾರ ಹಾಲಿನವನು ಗೇಟಿಗೆ ಪ್ಯಾಕೆಟ್ಟು ಸಿಕ್ಕಿಸಿ ಹೋದರೆ ಮಾರನೆಯ ಬೆಳಗಿನವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಒಮ್ಮೊಮ್ಮೆ ಸೋಮವಾರ ಮೊದಲ ಮಾತು ಆಡಲು ಹೋದಾಗ ಗಂಟಲು ಕಟ್ಟಿದಂತಾಗಿ ಕೆಮ್ಮಬೇಕಾಗುತ್ತಿತ್ತು.

ಅವಳಿಗೆ ನಲವತ್ತನಾಲ್ಕು. ಮದುವೆಯ ಮಾತು ಮೂರು ಸಲ ಬಂದು ಮೂರು ಸಲವೂ ತಾನಾಗಿ ನಿಂತುಹೋಗಿತ್ತು. ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅಪ್ಪ ಶಿವಮಲ್ಲಪ್ಪ ನರಸೀಪುರದಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದವರು. ಡಿಗ್ರಿ ಮುಗಿಸಿದ ಮೇಲೆ ಅವಳು ಹದಿನೆಂಟು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಬೆಸುಗೆ ಹಾಕಿದಳು. ಅಪ್ಪನೂ ಮಾತು ಕಮ್ಮಿ. ಅವರು ಕೈ ಚಾಚಿದರೆ ಇವಳು ಸೋಲ್ಡರಿಂಗ್ ಐರನ್ ಕೊಡುವಳು, ಇವಳು ಕೈ ಚಾಚಿದರೆ ಅವರು ಸೀಸದ ಸುರುಳಿ ಕೊಡುವರು. ಅಪ್ಪ ಹೇಳಿದ್ದರಲ್ಲಿ ಅವಳಿಗೆ ಅಚ್ಚೊತ್ತಿದಂತೆ ಉಳಿದದ್ದು ಒಂದು. ತಿರುಚಿ ಕಟ್ಟಿದ ವೈರು ಹಿಡಿದುಕೊಂಡಿರುತ್ತದೆ ಅಷ್ಟೇ, ಬೆಸುಗೆ ಬಿದ್ದರೆ ಮಾತ್ರ ಸೇರಿಕೊಳ್ಳುತ್ತದೆ. ಹಿಡಿದುಕೊಂಡದ್ದು ಇವತ್ತಲ್ಲ ನಾಳೆ ಬಿಡುತ್ತದೆ. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು. ಕೆಟ್ಟ ಟೀವಿಯನ್ನು ರಿಪೇರಿಗೆ ತರುವವರೂ ಅಷ್ಟುಹೊತ್ತಿಗೆ ಇಲ್ಲವಾಗಿದ್ದರು.

ಈಗ ಅವಳು ಕೆಲಸ ಮಾಡುತ್ತಿದ್ದದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ, ಅಮೃತೇಶ್ ಎಂಬ ಇಂಜಿನಿಯರ್ ನಡೆಸುತ್ತಿದ್ದ ಏಳು ಜನರ ಸಣ್ಣ ಘಟಕದಲ್ಲಿ. ಅಕ್ಕಿ ಮಿಲ್ಲುಗಳಲ್ಲಿ ಮೂಟೆ ಎತ್ತಿ ಜೋಡಿಸುವ ರೋಬೋಟಿನ ತೋಳಿಗೆ ಬೇಕಾದ ವೈರಿನ ಕಟ್ಟುಗಳು ಅಲ್ಲಿ ತಯಾರಾಗುತ್ತಿದ್ದವು. ತೋಳಿನ ಮೊಣಕೈಗೆ ಹೋಗುವ ಕಟ್ಟಿನಲ್ಲಿ ನಾಲ್ಕೇ ವೈರು, ಒಂದೊಂದರೊಳಗೂ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಗಳು. ಕಟ್ಟಿನ ಒಂದು ತುದಿಯನ್ನು ಸಣ್ಣ ಬೋರ್ಡಿಗೆ ಬೆಸೆಯಬೇಕು, ಅದು ಸರ್ವಮಂಗಳಾಳ ಕೆಲಸ. ಇನ್ನೊಂದು ತುದಿಗೆ ಹಿತ್ತಾಳೆಯ ಪಿನ್ನು ಕೂರಿಸಿ ಕೈಪ್ರೆಸ್ಸಿನಲ್ಲಿ ಒತ್ತಬೇಕು. ಅದು ಮಾದೇಶನದು.

ಮಾದೇಶ ದೇವನೂರಿನವನು, ಮೂವತ್ತಾರು ದಾಟಿದವನು, ಮನೆಯಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು. ಅವನ ಕೈಯ ಒತ್ತು ಒಂದೇ ಸಮ. ಪಿನ್ನಿನ ರೆಕ್ಕೆಗಳು ಎಳೆಗಳನ್ನು ಅಪ್ಪಿ ಒಂದೇ ಗಟ್ಟಿಯಾಗುವಷ್ಟು, ಆದರೆ ಒಂದು ಎಳೆಯೂ ಕತ್ತರಿಸದಷ್ಟು. ಒತ್ತಿದ್ದನ್ನು ಭೂತಗನ್ನಡಿಯಲ್ಲಿ ನೋಡಿ, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದು, ಕಟ್ಟಿನ ಚೀಟಿಯ ಮೇಲೆ 'ಮಾ' ಎಂದು ಬರೆದು ಟ್ರೇಯಲ್ಲಿಟ್ಟು ಅವಳ ಕಡೆ ತಳ್ಳುವನು. ಅವಳು ಪಿನ್ನಿನ ಬಾಲಕ್ಕೆ ಕಪ್ಪು ಸ್ಲೀವು ತೊಡಿಸಿ ಬಿಸಿಗಾಳಿ ಹಿಡಿಯುವಳು. ಸ್ಲೀವು ಕುಗ್ಗಿ ಮೈಗಂಟುತ್ತಿತ್ತು. ಅಲ್ಲಿಂದಾಚೆ ಒಳಗೇನಿದೆ ಎಂದು ಯಾರಿಗೂ ಕಾಣದು.

ಸ್ಲೀವು ತೊಡಿಸುವ ಮೊದಲು ಅವಳು ಒಂದು ಕೆಲಸ ಮಾಡುತ್ತಿದ್ದಳು. ಮಾದೇಶ ಒತ್ತಿ ಕಳಿಸಿದ ಪ್ರತಿ ಪಿನ್ನಿಗೂ ಐರನ್ ತಾಗಿಸಿ ಒಂದು ಹನಿ ಸೀಸ ಮುಟ್ಟಿಸುತ್ತಿದ್ದಳು.

ಎರಡು ಸೆಕೆಂಡಿನ ಕೆಲಸ. ರಾಳದ ಹೊಗೆ ಒಂದೆಳೆ ಏಳುತ್ತಿತ್ತು, ಸೀಸ ಬೆಳ್ಳಗೆ ಕರಗಿ ಎಳೆಗಳ ಸಂದಿಗೆ ನೀರಿನ ಹಾಗೆ ಇಳಿದು ಕಾಣದಾಗುತ್ತಿತ್ತು. ಐರನ್ ಹೇಗೂ ಬೋರ್ಡಿನ ಕೆಲಸಕ್ಕೆಂದು ಕಾದೇ ಇರುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಒತ್ತಿದ ಪಿನ್ನಿಗೆ ಬೆಸುಗೆ ಹಾಕಬಾರದೆಂದು ಅಮೃತೇಶ್ ಮೊದಲ ದಿನವೇ ಎಲ್ಲರಿಗೂ ಹೇಳಿದ್ದ, ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲೂ ಅದಿತ್ತು. ಹೊತ್ತು ಉಳಿಸುವುದಕ್ಕೆ ಹಾಗೆ ಹೇಳುತ್ತಾರೆ ಎಂದು ಅವಳು ತಿಳಿದಳು. ಈಗಿನ ಕಾಲದವರ ಅವಸರ, ನನ್ನ ಎರಡು ಸೆಕೆಂಡಿನಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಳು. ಏಳು ತಿಂಗಳಿಂದ ಒಂದು ಪಿನ್ನನ್ನೂ ಬಿಟ್ಟಿರಲಿಲ್ಲ.

ಒಂದು ಗಂಟೆಗೆ ಊಟ. ಬೈಕು ನಿಲ್ಲಿಸುವ ಶೆಡ್ಡಿನ ನೆರಳಲ್ಲಿ ಉಳಿದವರು ಮೊಬೈಲ್ ಹಿಡಿದು ಒಂದೊಂದು ಮೂಲೆ ಸೇರಿದರೆ, ಮಾದೇಶ ಮಾತ್ರ ಡಬ್ಬಿ ಎತ್ತಿಕೊಂಡು ಅವಳೆದುರಿಗೆ ಬಂದು ಕೂರುತ್ತಿದ್ದ. ಅವನದು ಬಾಯಿ ಮುಚ್ಚದ ಜೀವ. ಕಿರಿಯ ಮಗಳು ಮೇಷ್ಟ್ರಿಗೆ ಎದುರು ಹೇಳಿದ್ದು, ಮಾವ ಹೊಸ ಸ್ಕೂಟರಿನೊಂದಿಗೆ ನಾಲೆಗೆ ಇಳಿದದ್ದು, ಹೆಂಡತಿ ತನ್ನ ಗೊರಕೆಯನ್ನು ರೆಕಾರ್ಡು ಮಾಡಿ ತವರಿಗೆ ಕಳಿಸಿದ್ದು, ಎಲ್ಲವನ್ನೂ ಅವಳ ಮುಂದೆ ಸುರಿಯುವನು. ಅವಳು ಹೂಂಗುಟ್ಟುವಳು, ಎಲ್ಲೋ ಒಮ್ಮೆ ನಗುವಳು.

"ಅಲ್ಲ ಮಂಗಳಕ್ಕ, ನೀವು ಮಾತಾಡುದ್ರೆ ಕರೆಂಟ್ ಬಿಲ್ಲೇನಾರಾ ಬತ್ತದಾ?" ಎಂದು ಅವನು ರೇಗಿಸುತ್ತಿದ್ದ.

ಆ ಅರ್ಧ ಗಂಟೆ ಕಳೆದ ಮೇಲೆ ಅವನು ಒತ್ತಿದ ಪಿನ್ನುಗಳು ಟ್ರೇಯಲ್ಲಿ ಬರುತ್ತಿದ್ದವು, ಸಂಜೆಯವರೆಗೆ. ಒಬ್ಬರ ಕೈಯಿಂದ ಹೊರಟದ್ದು ನೇರ ತನ್ನ ಕೈಗೆ ಬರುವುದು ಅಪ್ಪನ ಸ್ಟೂಲಿನ ಪಕ್ಕ ಬಿಟ್ಟರೆ ಇಲ್ಲೇ. ಅವಳು ಅದನ್ನು ಇಷ್ಟು ಬಿಡಿಸಿ ಯೋಚಿಸಿರಲಿಲ್ಲ. ಸೀಸ ಮುಟ್ಟಿಸುತ್ತಿದ್ದಳು, ಅಷ್ಟೇ.

ಒಂದು ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಹೊರಡುವಷ್ಟರಲ್ಲಿ ಅಮೃತೇಶನ ಫೋನು ಬಂತು. ನರಸೀಪುರದ ಹೊರಗಿನ ಮಿಲ್ಲೊಂದರಲ್ಲಿ ತೋಳು ಮೂಟೆ ಹಿಡಿದು ನಡುವೆಯೇ ನಿಲ್ಲುತ್ತಿದೆ, ನಿಂತದ್ದು ಮತ್ತೆ ತಾನಾಗಿ ಜಗ್ಗಿ ಮೂಟೆ ಕೆಡವುತ್ತಿದೆ, ನೀವು ಅಲ್ಲಿಯೇ ಇದ್ದೀರಲ್ಲ, ಮೊಣಕೈಯ ಕಟ್ಟು ಬಿಚ್ಚಿಕೊಂಡು ಬನ್ನಿ ಎಂದ. ತಾನು ಮಾಡಿದ ವೈರುಗಳು ಹೋಗಿ ಸೇರುವ ಜಾಗವನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಮಿಲ್ಲಿನೊಳಗೆ ತೌಡಿನ ಧೂಳು ಬಿಸಿಲಕೋಲುಗಳಲ್ಲಿ ತೇಲುತ್ತಿತ್ತು. ಹಳದಿ ಬಣ್ಣದ ತೋಳು ಮುಂದಕ್ಕೆ ಚಾಚಿಕೊಂಡೇ ನಿಂತುಬಿಟ್ಟಿತ್ತು. ಅದರ ಬುಡದಲ್ಲಿ ಮೂಟೆಯೊಂದು ಒಡೆದು ಅಕ್ಕಿ ಚೆಲ್ಲಿತ್ತು. ಮೂಟೆ ಹೊರುವ ಹಳೆಯ ಆಳು ದೊಡ್ಡಸಿದ್ದಯ್ಯ ಪೊರಕೆ ಹಿಡಿದು ಅಕ್ಕಿ ಗುಡ್ಡೆ ಹಾಕುತ್ತಿದ್ದ. ಅವಳನ್ನು ನೋಡಿ ರೇಡಿಯೋ ಶಿವಮಲ್ಲಪ್ಪನ ಮಗಳೆಂದು ಗುರುತು ಹಿಡಿದ. ತನ್ನ ಮದುವೆಯಲ್ಲಿ ಬಂದ ರೇಡಿಯೋವನ್ನು ಅವಳಪ್ಪ ಎರಡು ಸಲ ಬದುಕಿಸಿಕೊಟ್ಟಿದ್ದನ್ನು ನೆನೆಸಿಕೊಂಡ. ಏಟಾಯಿತೇ ಎಂದು ಅವಳು ಕೇಳಿದಳು.

"ಮೂಟೆ ನನ್ ಮ್ಯಾಲ್ ಬೀಳ್ನಿಲ್ಲ, ನನ್ ನೆಳ್ ಮ್ಯಾಲ್ ಬಿತ್ತು ಕಣವ್ವ," ಎಂದು ಅವನು ನಕ್ಕ. ಮತ್ತೆ ತೋಳಿನ ಕಡೆ ಗದ್ದ ಎತ್ತಿ ತೋರಿಸಿ ಹೇಳಿದ, "ಮನ್ಸನ್ ಕೈ ನೋತ್ರೆ ಬಾಯಿ ಯೋಳ್ತದೆ. ಇದ್ಕೆ ನೋತ್ರೆ ಯೋಳಕೆ ಬಾಯೇ ಇಲ್ವಲ್ಲ."

ಅವಳು ಏಣಿ ಹತ್ತಿ ಕಟ್ಟು ಬಿಚ್ಚಿದಳು. ಕೆಳಗಿಳಿದು, ಮೂಟೆಗಳ ಹಿಂದೆ ಒಬ್ಬಳೇ ಕೂತು, ನಾಲ್ಕೂ ಪಿನ್ನು ಕೂರಿಸಿದ ಪ್ಲಗ್ಗನ್ನು ತೊಡೆಯ ಮೇಲಿಟ್ಟು ಒಂದೊಂದೇ ವೈರನ್ನು ಬಗ್ಗಿಸಿ ನೋಡಿದಳು. ಹೊರಗೆ ಎಲ್ಲ ನೆಟ್ಟಗಿತ್ತು. ಮೂರನೆಯದು ಸ್ಲೀವು ಮುಗಿಯುವಲ್ಲಿ ಬೆರಳಿಗೆ ಮೆತ್ತಗೆ ಸಿಕ್ಕಿತು, ಒಳಗೆ ಮೂಳೆ ಮುರಿದ ಹಾಗೆ. ಬ್ಲೇಡಿನಿಂದ ಸ್ಲೀವು ಸೀಳಿದಳು.

ಮಾದೇಶನ ಒತ್ತು ಹಾಗೇ ಇತ್ತು. ಅದು ಕದಲಿರಲಿಲ್ಲ. ಅದಕ್ಕಿಂತ ಒಂದು ಬೆರಳಗಲ ಹಿಂದೆ, ಅವಳ ಸೀಸ ಎಳೆಗಳೊಳಗೆ ಹರಿದು ಹೋಗಿ ನಿಂತ ಗೆರೆಯ ಮೇಲೆಯೇ, ಅಷ್ಟೂ ಎಳೆಗಳು ಕತ್ತರಿಸಿದಂತೆ ತುಂಡಾಗಿದ್ದವು. ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸೀಸ ಕುಡಿದ ವೈರು ಕಡ್ಡಿಯಾಗಿತ್ತು. ಅದರಾಚೆಯದು ಮೆತ್ತಗೇ ಇತ್ತು. ತೋಳು ದಿನಕ್ಕೆ ಸಾವಿರ ಸಲ ಮಡಚಿ ಚಾಚುವಾಗ ಆ ಬಾಗುವಿಕೆಯೆಲ್ಲ ಕಡ್ಡಿ ಮುಗಿಯುವ ಆ ಒಂದು ಗೆರೆಯ ಮೇಲೆ ಬಿದ್ದು, ಎಳೆ ಎಳೆಯಾಗಿ ಕಡಿದು ಹಾಕಿತ್ತು. ಮಡಚಿದಾಗ ತುದಿ ತುದಿ ತಾಗಿ ಜೀವ, ಚಾಚಿದಾಗ ಸಾವು. ಅಪ್ಪನ ರೇಡಿಯೋ ಇಟ್ಟ ಕಡೆ ಕೂತಿರುತ್ತಿತ್ತು. ಅದರೊಳಗಿನ ಯಾವ ವೈರೂ ಹುಟ್ಟಿದ ಮೇಲೆ ಒಮ್ಮೆಯೂ ಬಾಗಿದ್ದಿಲ್ಲ. ಕದಲದ ವಸ್ತುವಿನ ಬುದ್ಧಿಯನ್ನು ಕದಲುವ ವಸ್ತುವಿಗೆ ಹೇಳಿಕೊಟ್ಟಿದ್ದೆ ಎಂಬುದು ಅವಳಿಗೆ ಹೊಳೆದದ್ದು ಆ ಮೂಟೆಗಳ ಹಿಂದೆ.

ಮುಂದೆ ಅವಳು ಮಾಡಿದ್ದನ್ನು ಅವಳ ಕೈ ಮಾಡಿತೆಂದೇ ಹೇಳಬೇಕು. ಕಟ್ಟರ್ ತೆಗೆದು ನಾಲ್ಕೂ ವೈರನ್ನು ಸೀಸ ಮುಗಿದ ಜಾಗಕ್ಕಿಂತ ಹಿಂದಕ್ಕೆ ಕತ್ತರಿಸಿದಳು. ಉಳಿದ ತುದಿಗಳ ಪ್ಲಾಸ್ಟಿಕ್ ಸುಲಿದು, ಎಳೆಗಳನ್ನು ಉಗುರಿನಿಂದ ಕೆದರಿ, ಪಿನ್ನಿನಿಂದ ಜಾರಿ ಬಂದ ಹಾಗೆ ಮಾಡಿದಳು. ಪ್ಲಗ್ಗನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿದಳು. ಕೆಲಸ ಹೋದೀತೆಂಬ ಹೆದರಿಕೆ ಅಲ್ಲ. ಆ ಬೆಳ್ಳಗಿನ ಸೀಸವನ್ನು ಅಮೃತೇಶ್ ಭೂತಗನ್ನಡಿಯಲ್ಲಿ ನೋಡುವುದು, ಪಕ್ಕದಲ್ಲಿ ಮಾದೇಶ ಬಗ್ಗಿ ನೋಡುವುದು, ಅದನ್ನು ನೆನೆದರೆ ತಾನು ಒಳಗಿರುವ ಬಚ್ಚಲಿನ ಬಾಗಿಲನ್ನು ಯಾರೋ ತೆರೆದಂತಾಗುತ್ತಿತ್ತು.

ಘಟಕಕ್ಕೆ ಬಂದು ಕಟ್ಟು ಕೊಟ್ಟಾಗ ಪ್ಲಗ್ಗು ಎಲ್ಲಿ ಎಂದು ಅಮೃತೇಶ್ ಕೇಳಿದ. ಮಿಲ್ಲಿನವರು ಎಳೆದಾಡಿದ್ದರಂತೆ, ನಾನು ಹೋಗುವಷ್ಟರಲ್ಲಿ ಕಿತ್ತು ಬಂದಿತ್ತು, ತೌಡಿನಲ್ಲಿ ಹುಡುಕಿದರೂ ಸಿಗಲಿಲ್ಲ ಎಂದಳು. ಅವನು ಕೆದರಿದ ತುದಿಗಳನ್ನು ಬಹಳ ಹೊತ್ತು ನೋಡಿದ. ಮಾಡಿಟ್ಟ ಕಟ್ಟುಗಳೆಲ್ಲ ಹಿಂದಿನ ವಾರವೇ ಹೋಗಿದ್ದವು, ಹೋಲಿಸಿ ನೋಡಲು ಒಂದೂ ಇರಲಿಲ್ಲ. ಕೊನೆಗೆ ಅವನು ತೀರ್ಮಾನ ಹೇಳಿದ. ಸರಿಯಾಗಿ ಒತ್ತಿದ್ದರೆ ಎಷ್ಟು ಜಗ್ಗಿದರೂ ವೈರು ಹರಿಯಬೇಕಿತ್ತೇ ಹೊರತು ಜಾರಬಾರದಿತ್ತು. ನಾಲ್ಕಕ್ಕೆ ನಾಲ್ಕೂ ಜಾರಿವೆ ಎಂದರೆ ಒತ್ತಿದ ಕೈಯದೇ ತಪ್ಪು. ಚೀಟಿಯ ಮೇಲೆ 'ಮಾ' ಎಂದಿತ್ತು.

ಇದು ಅವಳಿಗೆ ತೋಚಿಯೇ ಇರಲಿಲ್ಲ. ತನ್ನದನ್ನು ಮುಚ್ಚಿದರೆ ಅದು ಇನ್ನೊಬ್ಬನ ತಲೆಗೆ ಬರುತ್ತದೆ ಎಂಬಷ್ಟು ಸಣ್ಣ ಮಾತು ಹದಿನೆಂಟು ವರ್ಷ ವೈರಿನ ತಪ್ಪು ಹುಡುಕಿದವಳಿಗೆ ಹೊಳೆದಿರಲಿಲ್ಲ.

ಮಾದೇಶನನ್ನು ಪ್ರೆಸ್ಸಿನಿಂದ ಎಬ್ಬಿಸಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹಾಕಿದರು. ತಿಂಗಳ ಕೊನೆಗೆ ಅವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ ಎಂದು ಅಮೃತೇಶ್ ಎಲ್ಲರ ಎದುರಿಗೇ ಹೇಳಿದ. ಪ್ರೆಸ್ಸಿಗೆ ರಮ್ಯ ಎಂಬ ಹೊಸಬಳು ಬಂದಳು. ಅವಳು ಒತ್ತಿದ ಪಿನ್ನುಗಳು ಟ್ರೇಯಲ್ಲಿ ಬಂದಾಗ ಸರ್ವಮಂಗಳಾ ಸೀಸ ಮುಟ್ಟಿಸಲಿಲ್ಲ, ಬರೀ ಸ್ಲೀವು ತೊಡಿಸಿದಳು.

ಮಾದೇಶ ಮೊದಲ ದಿನ ನಗಾಡಿದ. ಪೆಟ್ಟಿಗೆಗೆ ಟೇಪು ಸುತ್ತುವ ಪರೀಕ್ಷೆಗೆ ಹೆಂಡತಿ ಹತ್ತಿರ ಟ್ಯೂಷನ್ನಿಗೆ ಹೋಗಬೇಕು ಎಂದ. ಎರಡನೆಯ ದಿನ ಊಟಕ್ಕೆ ಕೂತವನು ಡಬ್ಬಿ ತೆರೆಯಲಿಲ್ಲ. ಊಟದ ಹೊತ್ತಿಗೆ ಖಾಲಿಯಿದ್ದ ಪ್ರೆಸ್ಸಿಗೆ ಹೋಗಿ, ಕಸದ ಬುಟ್ಟಿಯಿಂದ ಆಯ್ದ ವೈರಿನ ತುಂಡುಗಳಿಗೆ ಪಿನ್ನು ಒತ್ತಿ, ತಂದು ಅವಳ ಮುಂದೆ ಇಕ್ಕಳದಲ್ಲಿ ಹಿಡಿದು ಜಗ್ಗತೊಡಗಿದ. ಒಂದೂ ಜಾರಲಿಲ್ಲ. ಪ್ರತಿ ಸಲವೂ ವೈರೇ ಹರಿಯಿತು. ಮೂರನೆಯ ದಿನವೂ ಅದನ್ನೇ ಮಾಡಿದ, ನಾಲ್ಕನೆಯ ದಿನವೂ. ಇಕ್ಕಳ ಹಿಡಿದು ಹಿಡಿದು ಬೆರಳ ಬುಡ ಕೆಂಪಗಾಗಿತ್ತು. ಮಗಳ ಮಾತಿಲ್ಲ, ಮಾವನ ಮಾತಿಲ್ಲ.

"ನನ್ ಕೈ ಯಾವತ್ ತಪ್ತು ಅಂತಾನೇ ಗೊತ್ತಾಯ್ತಿಲ್ಲ ಕಣಕ್ಕ," ಎಂದ. ಅಂಗೈಯನ್ನು ಯಾರದೋ ಸಾಮಾನಿನ ಹಾಗೆ ಮುಂದೆ ಹಿಡಿದು ನೋಡಿಕೊಂಡ. "ಅವತ್ ಮೈಲಿ ಹುಸಾರಿರ್ನಿಲ್ವಾ, ಏನ್ ಯೋಚ್ನೆ ಮಾಡ್ಕಂಡ್ ಒತ್ತುದ್ನೋ. ನೀವ್ ಪಕ್ದಲ್ಲೇ ಇದ್ರಲ್ಲ, ನೀವೇನಾರಾ ಕಂಡ್ರಾ?"

ಅವಳು ಇಲ್ಲ ಎನ್ನಲು ಬಾಯಿ ತೆರೆದಳು. ಕೆಮ್ಮು ಬಂತು. ಡಬ್ಬಿ ಮುಚ್ಚಿ ಎದ್ದು, ಪರ್ಸು ತೆಗೆದುಕೊಂಡು ನೇರ ಅಮೃತೇಶನ ಕೋಣೆಗೆ ಹೋದಳು. ಕರ್ಚೀಫು ಬಿಚ್ಚಿ ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಮಾದೇಶನನ್ನೂ ಕರೆಯಿರಿ ಎಂದಳು. ಎರಡು ಸಲ ಹೇಳುವ ತ್ರಾಣ ಅವಳಿಗಿರಲಿಲ್ಲ.

ಹೇಳಿ ಮುಗಿಸುವುದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಅಮೃತೇಶ್ ಉಳಿದ ಮೂರು ಸ್ಲೀವುಗಳನ್ನೂ ಸೀಳಿ ಭೂತಗನ್ನಡಿ ಹಿಡಿದ. ಎರಡರಲ್ಲಿ ಎಳೆಗಳು ಅರ್ಧ ಹೋಗಿದ್ದವು, ಒಂದು ಇನ್ನೂ ಹಿಡಿದುಕೊಂಡಿತ್ತು. ಎಷ್ಟು ದಿನದಿಂದ ಎಂದು ಕೇಳಿದ. ಏಳು ತಿಂಗಳು ಎಂದಳು. ಅವನು ಕಂಪ್ಯೂಟರಿನಲ್ಲಿ ಏನೋ ತೆಗೆದು ನೋಡಿ ಇನ್ನೂ ಮೂವತ್ತೊಂದು ತೋಳು ಎಂದ. ಆ ಮೂವತ್ತೊಂದರ ಕೆಳಗೂ ಯಾರೋ ಒಬ್ಬ ಓಡಾಡುತ್ತಿರುತ್ತಾನೆ ಎಂಬುದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಅವತ್ತೇ ಎಲ್ಲ ಮಿಲ್ಲಿಗೂ ಫೋನು ಮಾಡಿ ತೋಳು ನಿಲ್ಲಿಸಲು ಹೇಳಬೇಕೆಂದು ಎದ್ದವನು, ಬಾಗಿಲ ಬಳಿ ನಿಂತ.

"ನಿಮ್ಮನ್ನ ಕಳಿಸಿಬಿಡಬಹುದು ಮೇಡಂ. ಆದ್ರೆ ಇವನ್ನೆಲ್ಲ ಬಿಚ್ಚೋರು ಯಾರು? ಹೊಸ ಕಟ್ಟು ನಾವು ಮಾಡಿಕೊಡ್ತೀವಿ. ಒಂದೊಂದು ಮಿಲ್ಲಿಗೂ ನೀವೇ ಹೋಗಿ ಹಾಕಿಬನ್ನಿ," ಎಂದು ಫೋನು ಹಿಡಿದು ಹೊರಗೆ ಹೋದ.

ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಮಾದೇಶ ಪ್ಲಗ್ಗನ್ನು ಎತ್ತಿಕೊಂಡು ತನ್ನ ಒತ್ತನ್ನು ಹೆಬ್ಬೆರಳಿನಿಂದ ಸವರಿದ. ಅವನ ಮುಖ ಮೊದಲು ಹಗುರವಾಯಿತು. ಕೈ ತಪ್ಪಿರಲಿಲ್ಲ. ಆಮೇಲೆ ಆ ಹಗುರ ನಿಧಾನವಾಗಿ ಇಳಿದುಹೋಯಿತು.

"ನನ್ ಕೈ ಮ್ಯಾಲೆ ನಿಮ್ಗೆ ನಂಬ್ಕೆ ಇರ್ನಿಲ್ವಾ ಅಕ್ಕ?"

"ಇತ್ತು ಕಣೋ."

"ಇದ್ರೆ ಯಾಕ್ ಮುಟ್ಸುದ್ರಿ? ಏಳ್ ತಿಂಗ್ಳು. ಒಂದೊಂದ್ಕೂ."

ಉತ್ತರ ಅವಳ ನಾಲಿಗೆಯ ಬುಡದವರೆಗೆ ಬಂದಿತ್ತು. ಅವನು ಸರಿಯಾಗಿ ಒತ್ತಿಲ್ಲವೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹಾಗೆ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸಿಬಿಟ್ಟರೆ ನಡುವೆ ತಾನು ಇದ್ದೇನೆ ಎಂಬುದಕ್ಕೆ ಗುರುತೇ ಇರುತ್ತಿರಲಿಲ್ಲ. ಆದರೆ ಇದನ್ನು ಯಾವ ಮಾತಿನಲ್ಲಿ ಹೇಳುವುದು, ಹೆಂಡತಿ ಮಕ್ಕಳ ಗದ್ದಲದ ಮನೆಗೆ ದಿನಾ ಹೋಗುವವನಿಗೆ? ಹೇಳಿದರೆ ಅದು ಇನ್ನೇನೋ ಆಗಿ ಕೇಳಿಸೀತು. ಅವಳು ಮೇಜಿನ ಮೇಲೆ ಬಿದ್ದಿದ್ದ ಸ್ಲೀವಿನ ಚೂರುಗಳನ್ನು ಒಂದು ಕಡೆ ಕೂಡಿಸುತ್ತ ನಿಂತಳು. ಮಾದೇಶ ಪ್ಲಗ್ಗನ್ನು ಇಟ್ಟು ಹೋದ.

ಮುಂದಿನ ಐದು ವಾರ ಅವಳು ಹೊಸ ಕಟ್ಟುಗಳ ಚೀಲ ಹೊತ್ತು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದಳು. ಹೆಡತಲೆ, ಸುತ್ತೂರಿನ ಆಚೆ, ಚಾಮರಾಜನಗರದ ದಾರಿ, ಎಲ್ಲೆಲ್ಲಿ ಮಿಲ್ಲಿದ್ದವೋ ಅಲ್ಲೆಲ್ಲ. ಎಲ್ಲ ಕಡೆಯೂ ಅವಳಿಗೆ ಕಂಡದ್ದು ಒಂದೇ. ನಿಂತ ತೋಳು, ಅದರ ಕೆಳಗೆ ಗೊಣಗುತ್ತ ಬೆನ್ನ ಮೇಲೆ ಮೂಟೆ ಹೊರುತ್ತಿರುವ ಜನ. ಯಂತ್ರದ ಕಂಪನಿಯವಳೆಂದು ತಿಳಿದು ಕೆಲವರು ಬೈದರು, ಕೆಲವರು ಟೀ ಕೊಟ್ಟರು. ಅವಳು ಏಣಿ ಹತ್ತಿ ಹಳೆಯದನ್ನು ಬಿಚ್ಚಿ, ಹೊಸದನ್ನು ಹಾಕಿ, ತೋಳು ಚಾಲೂ ಮಾಡಿಸಿ, ನೂರು ಸಲ ಮಡಚಿ ಚಾಚುವುದನ್ನು ಕೆಳಗೆ ನಿಂತು ನೋಡುವಳು. ನೂರು ನೋಡಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಿಚ್ಚಿ ತಂದ ಮೂವತ್ತೊಂದರಲ್ಲಿ ಹನ್ನೆರಡು ಆಗಲೇ ಕಡಿಯಲು ಶುರುವಾಗಿದ್ದವು. ಯಾರಿಗೂ ಏಟಾಗಿರಲಿಲ್ಲ.

ಕೊನೆಯ ಮಿಲ್ಲು ಮುಗಿಸಿ ಅವಳು ಘಟಕಕ್ಕೆ ಮರಳಿದಾಗ ಬೆಂಚು ಅಲ್ಲೇ ಇತ್ತು. ಮಾದೇಶ ಪ್ರೆಸ್ಸಿಗೆ ಮರಳಿದ್ದ. ಮಧ್ಯಾಹ್ನ ಅವನು ಡಬ್ಬಿ ಎತ್ತಿಕೊಂಡು ರಮ್ಯ ಮತ್ತಿತರರು ಕೂತಿದ್ದ ಕಡೆಗೆ ಹೋದ. ಬನ್ನಿ ಎಂದು ಕರೆದ, ಕರೆಯಲಿಲ್ಲ ಎನ್ನುವ ಹಾಗಿಲ್ಲ. ಆದರೆ ಎದುರಿಗೆ ಕೂತು ಹೇಳುವ ಮಾತು ಬೇರೆ, ಐದು ಜನರ ನಡುವೆ ಹೇಳುವ ಮಾತು ಬೇರೆ. ಅವಳು ತನ್ನ ಜಾಗದಲ್ಲೇ ಕೂತು ಉಂಡಳು. ಆ ಕಡೆಯಿಂದ ನಗು ಕೇಳುತ್ತಿತ್ತು. ಏನಕ್ಕೆ ಎಂದು ತಿಳಿಯಲಿಲ್ಲ.

ಸ್ಲೀವುಗಳ ಸುರುಳಿ ಬದಲಾಗಿತ್ತು. ಕಪ್ಪಿನ ಬದಲು ಈಗ ಗಾಜಿನಂತೆ ಪಾರದರ್ಶಕವಾದದ್ದು ಬಂದಿತ್ತು. ಯಾಕೆಂದು ಅಮೃತೇಶ್ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬೋರ್ಡಿನ ಬೆಸುಗೆಗೆ ಐರನ್ನು ಅವಳ ಬಳಿಯೇ ಬಿಟ್ಟಿದ್ದರು. ಅವಳು ಬೋರ್ಡುಗಳನ್ನು ಮುಗಿಸಿ ಐರನ್ನಿನ ಸ್ವಿಚ್ಚು ಆರಿಸಿದ ಮೇಲೆಯೇ ಟ್ರೇಯನ್ನು ಎಳೆದುಕೊಂಡಳು. ಮೊದಲ ಪಿನ್ನಿಗೆ ಸ್ಲೀವು ತೊಡಿಸಿ ಬಿಸಿಗಾಳಿ ಹಿಡಿದಳು. ಅದು ಕುಗ್ಗಿ ಅಂಟಿತು. ಒಳಗೆ ಹಿತ್ತಾಳೆಯ ರೆಕ್ಕೆಗಳು ತಾಮ್ರದ ಎಳೆಗಳನ್ನು ಅಪ್ಪಿಕೊಂಡದ್ದು, ಎಳೆಗಳು ಆಚೆ ಬದಿಗೆ ಕೂದಲಿನಷ್ಟು ಇಣುಕಿದ್ದು, ಎಲ್ಲ ಕಾಣುತ್ತಿತ್ತು. ಅವನ ಕೆಲಸ ಅವನು ಮಾಡಿದ ಹಾಗೇ ಇತ್ತು.

ಅವಳು ಅದನ್ನು ಮುಗಿದವುಗಳ ಟ್ರೇಯಲ್ಲಿಟ್ಟಳು. ಪಕ್ಕದ ಪ್ರೆಸ್ಸಿನಿಂದ ಮಾದೇಶ ಕೈ ಚಾಚಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಪಕ್ಕ ನೋಡಿದ, ತಿರುಗಿಸಿ ಇನ್ನೊಂದು ಪಕ್ಕ ನೋಡಿದ. ಪೆಟ್ಟಿಗೆಯಲ್ಲಿಟ್ಟು, ಎರಡನೆಯದಕ್ಕಾಗಿ ಕೈ ಹಾಗೇ ಹಿಡಿದುಕೊಂಡು ಕಾದ.